ಉಪ್ಪಿನ ಬಯಲಿಗೆ ಹೋಗದ ಕಾರು

ದೇವನಹಳ್ಳಿಯ ವಿಮಾನ ನಿಲ್ದಾಣದ ಹಿಂಬದಿ ರಸ್ತೆಯಲ್ಲಿ ಗಾಳಿ ಒಮ್ಮೊಮ್ಮೆ ತಿರುಗಿ ಬೀಸಿದಾಗ ಸುಟ್ಟ ಸೀಮೆಎಣ್ಣೆಯ ವಾಸನೆ ಬರುತ್ತದೆ. ಆ ಕಡೆ ಓಡಾಡುವವರು ಕಾರಿನ ಗಾಜು ಏರಿಸಿಕೊಳ್ಳುತ್ತಾರೆ. ನಾನು ಇಳಿಸುತ್ತೇನೆ. ಹೋದ ತಿಂಗಳು ಕುಂದಾಣದಲ್ಲಿ ಏನೋ ಕೆಲಸವಿತ್ತು. ದಾರಿಯಲ್ಲಿ ಆ ವಾಸನೆ ಮೂಗಿಗೆ ಬಡಿಯಿತು. ಕಾರನ್ನು ಬದಿಗೆ ನಿಲ್ಲಿಸಿ ಸುಮ್ಮನೆ ಕೂತೆ. ಆಮೇಲೆ ಕುಂದಾಣಕ್ಕೆ ಹೋಗದೆ ವಾಪಸ್ ಬಂದುಬಿಟ್ಟೆ. ನಾರಾಯಣಸ್ವಾಮಿ ಸಾರ್ ಅವರ ಶೆಡ್ಡಿನ ಮುಂದೆ ಹಾದುಹೋಗುವ ಧೈರ್ಯ ಅಂದು ನನಗಿರಲಿಲ್ಲ.

ಆ ಶೆಡ್ಡಿನಲ್ಲಿ ನಾನು ಕಳೆದದ್ದು ಒಂದು ವರ್ಷ. ಆಷಾಢದ ಗಾಳಿಗೆ ಶುರುವಾಗಿ ಮುಂದಿನ ಮಾವಿನ ಕಾಲಕ್ಕೆ ಮುಗಿದುಹೋದ ವರ್ಷ.

ಸಾರ್ ಕುಂದಾಣದ ಒಕ್ಕಲು ಮನೆತನದವರು. ವಿಮಾನದ ಇಂಜಿನ್‌ಗಳನ್ನು ಓಡಿಸಿ ಪರೀಕ್ಷೆ ಮಾಡುವ ಕೆಲಸದಲ್ಲಿ ಇಡೀ ಸರ್ವೀಸು ಕಳೆದು ನಿವೃತ್ತರಾಗಿದ್ದರು. ತಮ್ಮ ಪಾಲಿಗೆ ಬಂದ ಜಮೀನಿನಲ್ಲಿ, ಮನೆಯ ಪಕ್ಕದಲ್ಲೇ, ತಗಡಿನ ಶೆಡ್ ಹಾಕಿಕೊಂಡಿದ್ದರು. ಸುತ್ತ ರಾಗಿ ಹೊಲ, ಆಚೆಗೆ ದ್ರಾಕ್ಷಿ ಚಪ್ಪರ, ಗುಲಾಬಿ ಬೆಳೆಯುವ ಪಾಲಿಹೌಸು. ಇವುಗಳ ಮಧ್ಯೆ ಕೂತು ಅವರು ಕಟ್ಟಲು ಹೊರಟಿದ್ದು, ಈ ದೇಶದ ನೆಲದ ಮೇಲೆ ಯಾರೂ ಮುಟ್ಟಿರದ ವೇಗದಲ್ಲಿ ಓಡುವ ಒಂದು ಕಾರು.

ನಾನು ದೊಡ್ಡಬಳ್ಳಾಪುರದ ನೇಕಾರರ ಮನೆಯವನು. ಮಗ್ಗಗಳ ಸದ್ದಿನಲ್ಲೇ ಓದಿ ಇಂಜಿನಿಯರ್ ಆಗಿ, ಗೇರುಗಳನ್ನು ತಯಾರಿಸುವ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ಸಾರ್ ಏನೋ ಕೇಳಲೆಂದು ಅಲ್ಲಿಗೆ ಬಂದವರು, ಟೀ ಮುಗಿಯುವಷ್ಟರಲ್ಲಿ ನನ್ನನ್ನು ಶೆಡ್ಡಿಗೆ ಕರೆದಿದ್ದರು. ನಾನು ಹೋದಾಗ, ಇನ್ನೂ ಮೈಯಿಲ್ಲದ ಉಕ್ಕಿನ ಹಂದರದೊಳಗೆ ಒಬ್ಬ ಹುಡುಗಿ ಕಾಲು ಚಾಚಿ ಮಲಗಿದ್ದಳು. ಸಾರ್ ಅವಳ ಮೊಣಕಾಲಿನ ಪಕ್ಕ ಟೇಪು ಹಿಡಿದು ಅಳತೆ ತೆಗೆಯುತ್ತಿದ್ದರು. ಅವರ ಮಗಳು ವಿನುತ. ಮಣ್ಣಿನ ರಸ್ತೆಯ ರ‍್ಯಾಲಿಗಳಲ್ಲಿ ಕಾರು ಓಡಿಸುತ್ತಿದ್ದವಳು.

ಮಲಗಿದ್ದಲ್ಲಿಂದಲೇ ಕತ್ತು ಹೊರಳಿಸಿ, "ನೀವೇನಾ ಗೇರ್‌ಬಾಕ್ಸು?" ಎಂದಳು.

ಅಲ್ಲಿಂದ ಬಹಳ ದಿನ ನನ್ನ ಹೆಸರು ಅದೇ ಆಗಿತ್ತು. ಚಂದ್ರು ಎಂದು ಕರೆಯಲು ಶುರು ಮಾಡಿದ್ದು ಗೌರಿ ಹಬ್ಬದ ಹೊತ್ತಿಗೆ.

ದಾಖಲೆಗೆಂದು ಕಟ್ಟುವ ಟರ್ಬೈನ್ ಕಾರುಗಳಲ್ಲಿ ಎರಡು ಬಗೆ. ಒಂದರಲ್ಲಿ ಇಂಜಿನ್ ಹಿಂದಕ್ಕೆ ಬಿಸಿಗಾಳಿ ಉಗುಳಿ ಕಾರನ್ನು ಮುಂದಕ್ಕೆ ತಳ್ಳುತ್ತದೆ. ಅಲ್ಲಿ ಚಕ್ರಗಳಿಗೆ ಉರುಳುವುದಷ್ಟೇ ಕೆಲಸ. ಸಾರ್‌ಗೆ ಅದು ಬೇಡವಾಗಿತ್ತು. "ಕಾರು ಅಂದ್ಮೇಲೆ ಚಕ್ರ ನೆಲಾನ ಒದ್ದು ಓಡ್ಬೇಕು ಕಣಯ್ಯ" ಎನ್ನುತ್ತಿದ್ದರು. ಅವರಿಗೆ ಹರಾಜಿನಲ್ಲಿ ಒಂದು ಹಳೆಯ ಹೆಲಿಕಾಪ್ಟರ್ ಇಂಜಿನ್ ಸಿಕ್ಕಿತ್ತು. ಆ ಮಾದರಿ ತಯಾರಾಗುವುದು ನಿಂತು ಯಾವ ಕಾಲವೋ ಆಗಿತ್ತು. ಅದರಲ್ಲಿ ಸೀಮೆಎಣ್ಣೆ ಉರಿದು ಬಂದ ಬಿಸಿಗಾಳಿ ಮೊದಲು ಒಂದು ಟರ್ಬೈನನ್ನು ತಿರುಗಿಸುತ್ತದೆ. ಇಂಜಿನ್ ತನಗೆ ಬೇಕಾದ ಗಾಳಿ ಎಳೆದುಕೊಳ್ಳುವುದು ಅದರ ಬಲದಿಂದ. ಮಿಕ್ಕ ಬಿಸಿಗಾಳಿ ಇನ್ನೊಂದನ್ನು ತಿರುಗಿಸುತ್ತದೆ. ಅದು ಊಟದ ತಟ್ಟೆಯಗಲದ ಒಂದು ಲೋಹದ ಬಿಲ್ಲೆ, ಅಂಚಿನ ಸುತ್ತ ಸಾಲಾಗಿ ಬ್ಲೇಡುಗಳು. ನಾವು ಅದನ್ನು ಡಿಸ್ಕ್ ಎನ್ನುತ್ತಿದ್ದೆವು. ಡಿಸ್ಕ್ ತಿರುಗಿದರೆ ಗೇರ್‌ಬಾಕ್ಸ್, ಗೇರ್‌ಬಾಕ್ಸ್ ತಿರುಗಿದರೆ ಹಿಂದಿನ ಚಕ್ರ. ಡಿಸ್ಕಿನ ಹುಚ್ಚು ವೇಗವನ್ನು ಚಕ್ರ ತಾಳುವಷ್ಟಕ್ಕೆ ಇಳಿಸುವುದು ನನ್ನ ಪಾಲಿನ ಕೆಲಸ.

ಆ ಡಿಸ್ಕ್ ಇದ್ದದ್ದು ವಿನುತಳ ಬೆನ್ನ ಹಿಂದೆ. ನಡುವೆ ಒಂದು ಉಕ್ಕಿನ ಗೋಡೆ, ಡಿಸ್ಕಿನ ಸುತ್ತ ದಪ್ಪ ಉಕ್ಕಿನ ಬಳೆ. ಆ ಬಳೆ ಕೂರಿಸಿದ ದಿನ ಸಾರ್ ಅಪರೂಪಕ್ಕೆ ಹಳೆಯದೊಂದು ಹೇಳಿದರು. ಯಾವ ಊರಲ್ಲಿ, ಯಾವ ವರ್ಷ ಎಂದು ಹೇಳಲಿಲ್ಲ.

"ನಾನು ಕೆಲಸಕ್ಕೆ ಹೊಸಬ್ನಿದ್ದಾಗ ಡಿಸ್ಕ್ ಒಡೆದಿದ್ದು ನೋಡಿದೀನಿ. ಬ್ಲೇಡು ಮುರಿದ್ರೆ ಈ ಬಳೆ ಹಿಡಿಯುತ್ತೆ. ಡಿಸ್ಕೇ ಒಡೆದ್ರೆ ಯಾವ್ದೂ ಹಿಡಿಯಲ್ಲ. ಅವತ್ತು ಒಂದು ಚೂರು ಗೋಡೆ ದಾಟಿ ಹೋಯ್ತು. ನಾವು ಯಾರೂ ಚೂರು ಎಲ್ಲೋಯ್ತು ಅಂತ ಹುಡುಕಲಿಲ್ಲ. ಗೋಡೆ ಆಚೆ ನಮ್ಮೋನೊಬ್ಬ ನಿಂತಿದ್ನಲ್ಲ, ಅವನ್ನ ಹುಡುಕಿದ್ವಿ."

ವಿನುತ ಅದನ್ನು ಕೇಳಿಸಿಕೊಂಡು, "ನನ್ನ ಹುಡುಕೋ ಕೆಲಸ ಇರಲ್ಲ ಬಿಡಪ್ಪ, ಬೆಲ್ಟ್ ಹಾಕ್ಕೊಂಡು ಕೂತಿರ್ತೀನಿ" ಎಂದು ನಕ್ಕಿದ್ದಳು. ಸಾರ್ ನಗಲಿಲ್ಲ.

ಇಂಜಿನ್ ಮೊದಲ ಸಲ ಹೊತ್ತಿದ ದಿನ ಗಾಳಿಗೆ ತಗಡು ಬಡಿಯುತ್ತಿತ್ತು. ಸಾರ್ ಸ್ವಿಚ್ ಒತ್ತಿದರು. ಸಣ್ಣಗೆ ಸಿಳ್ಳೆಯಂತೆ ಎದ್ದ ಸದ್ದು ಬೆಳೆಯುತ್ತಾ ಬೆಳೆಯುತ್ತಾ ಹೊಟ್ಟೆಯೊಳಗೆ ನಡುಗಲು ಶುರುವಾಯಿತು. ಗಾಳಿಯ ಸದ್ದು, ತಗಡಿನ ಸದ್ದು ಎಲ್ಲ ಅಳಿಸಿಹೋಯಿತು. ಸಾರ್ ಅವರ ಹೆಂಡತಿ ಜಯಮ್ಮ ಮುದ್ದೆ ತಿರುವುತ್ತಿದ್ದವರು ಹಿಟ್ಟಿನ ಕೈಯಲ್ಲೇ ಓಡಿ ಬಂದರು. ಇಂಜಿನ್ ಆರಿಸಿದ ಮೇಲೆ ಅವರು ಅಂದದ್ದು ಇಷ್ಟು: "ಇದರ ಮುಂದೆ ನನ್ನ ಮಗಳನ್ನ ಕೂರಿಸ್ತೀರಾ?" ಸಾರ್ ಇಂಜಿನ್ನಿನ ಮೇಲೆ ಬಗ್ಗಿದರು. ಅವರೇ ಮತ್ತೆ, "ಊಟಕ್ಕೆ ಬನ್ನಿ" ಎಂದು ಒಳಗೆ ಹೋದರು.

ಮಳೆ ಕಡಿಮೆಯಾದ ಮೇಲೆ, ಆ ಕಡೆ ಕಟ್ಟುತ್ತಿದ್ದ, ಇನ್ನೂ ಜನಕ್ಕೆ ಬಿಡದ ಒಂದು ಅಗಲ ರಸ್ತೆಯಲ್ಲಿ ಭಾನುವಾರ ಬೆಳಗ್ಗೆ ಓಡಿಸಲು ಒಪ್ಪಿಗೆ ಸಿಕ್ಕಿತು. ಟರ್ಬೈನ್ ಕಾರಿನ ಪೆಡಲ್ ಒತ್ತಿದ ಕೂಡಲೇ ಅದು ಚಿಮ್ಮುವುದಿಲ್ಲ. ಇಂಜಿನ್ ಗಾಳಿ ಎಳೆದುಕೊಂಡು ಬಲ ತುಂಬಿಕೊಳ್ಳುವವರೆಗೆ ಕಾಯಬೇಕು. ಆಮೇಲೆ ಬಂದರೆ ಒಟ್ಟಿಗೇ ಬರುತ್ತದೆ. ಅಷ್ಟು ಹೊತ್ತು ಬ್ರೇಕಿನಲ್ಲಿ ಹಿಡಿದಿಟ್ಟು, ಸರಿಯಾದ ಗಳಿಗೆಯಲ್ಲಿ ಬಿಡಬೇಕು. ಮೊದಲ ಭಾನುವಾರ ವಿನುತ ಬೈದುಕೊಂಡೇ ಇಳಿದಳು. "ಎಮ್ಮೆ ಕಣೋ ಇದು. ಹೇಳಿದ್ದು ಕೇಳಿಸ್ಕೊಂಡು, ಯೋಚ್ನೆ ಮಾಡಿ, ಆಮೇಲೆ ಏಳುತ್ತೆ." ಮೂರ್ನಾಲ್ಕು ಭಾನುವಾರ ಕಳೆಯುವಷ್ಟರಲ್ಲಿ ಅವಳಿಗೂ ಎಮ್ಮೆಗೂ ಹೊಂದಿಕೆಯಾಗಿತ್ತು.

ಮೈಮೇಲೆ ಗಾಳಿ ಹೇಗೆ ಹರಿಯುತ್ತದೆಂದು ನೋಡಲು ನಾನು ಮನೆಯಿಂದ ರೇಷ್ಮೆ ನೂಲಿನ ತುಂಡುಗಳನ್ನು ತಂದು ಕಾರಿನ ಅಲ್ಯೂಮಿನಿಯಂ ತಗಡಿಗೆಲ್ಲ ಅಂಟಿಸಿದ್ದೆ. ಕಾರು ಓಡುವಾಗ ಪಕ್ಕದ ಲೇನಿನಲ್ಲಿ ಇನ್ನೊಂದು ಕಾರಿನಿಂದ ಫೋನಿನಲ್ಲಿ ಚಿತ್ರ ಹಿಡಿಯುತ್ತಿದ್ದೆ. ಎಲ್ಲ ಎಳೆಗಳೂ ಬಾಚಿದ ಕೂದಲಿನಂತೆ ಹಿಂದಕ್ಕೆ ಮಲಗಿದ್ದರೆ, ಇಂಜಿನ್ನಿಗೆ ಗಾಳಿ ಹೋಗುವ ಬಾಯಿಯ ಹತ್ತಿರದ ಎಳೆಗಳು ಮಾತ್ರ ಎದ್ದು ಸುತ್ತುತ್ತಿದ್ದವು. ಗಾಳಿ ಅಲ್ಲಿ ಸುಳಿಯಾಗುತ್ತಿತ್ತು. ಆ ಬಾಯಿಯ ತುಟಿಯನ್ನು ಬಡಿದು, ಬಾಗಿಸಿ, ಮತ್ತೆ ನೂಲು ಅಂಟಿಸಿ ನೋಡುವುದರಲ್ಲೇ ಇಡೀ ಕಾರ್ತಿಕ ಕಳೆಯಿತು. ಕೆಂಪು, ಹಸಿರು, ಅರಿಶಿನ ಬಣ್ಣದ ಎಳೆಗಳು. ಜಯಮ್ಮ ನೋಡಿ, "ಮದುವಣಗಿತ್ತಿ ಆಯ್ತಲ್ಲೋ ಕಾರು" ಎಂದಿದ್ದರು.

ಒಂದು ಭಾನುವಾರ ಓಟ ಮುಗಿಸಿ ಬುತ್ತಿ ಕಟ್ಟಿಕೊಂಡು ನಲ್ಲೂರಿನ ಹುಣಸೆ ತೋಪಿಗೆ ಹೋದೆವು. ಸಾರ್, ಜಯಮ್ಮ ಊಟ ಮುಗಿಸಿ ಕೂತಿದ್ದರು. ನಾನೂ ವಿನುತಳೂ ಆ ದಪ್ಪ ಮರಗಳ ನಡುವೆ ಸುತ್ತುತ್ತಿದ್ದೆವು.

"ಉಪ್ಪಿನ ಬಯಲು ಆದ್ಮೇಲೆ ಏನ್ ಮಾಡ್ತೀಯಾ?" ಎಂದಳು. ದಾಖಲೆಯ ಓಟಕ್ಕೆ ನಾವು ಹೋಗಬೇಕಾಗಿದ್ದುದು ಗುಜರಾತಿನ ಕಡೆಯ ಉಪ್ಪಿನ ಬಯಲಿಗೆ.

"ಗೊತ್ತಿಲ್ಲ. ನೀನು ಹೇಳು."

"ಮದ್ವೆ ಆಗು."

"ಯಾರನ್ನ?" ಎಂದೆ, ದಡ್ಡನಂತೆ.

"ಎಮ್ಮೆ ಓಡ್ಸೋಳ್ನ ಕಣೋ, ಇನ್ಯಾರನ್ನ?"

ಅವಳು ಉತ್ತರಕ್ಕೆ ಕಾಯಲಿಲ್ಲ. ಹುಣಸೆಕಾಯಿ ಕಡಿಯುತ್ತಾ ಅವರಮ್ಮನ ಕಡೆ ನಡೆದುಬಿಟ್ಟಳು. ಅವಳು ಮನೆಯವರಿಗೆ ಹೇಳಿಬಿಟ್ಟಿದ್ದಳು. ಸಂಜೆ ಶೆಡ್ಡಿನಲ್ಲಿ ಸಾರ್ ನನ್ನ ಹೆಗಲ ಮೇಲೆ ಕೈ ಹಾಕಿದರು. "ಅಲ್ಲಿಂದ ಬಂದ ತಕ್ಷಣ ನಿಮ್ಮಪ್ಪನ ಹತ್ರ ನಾನೇ ಬರ್ತೀನಿ. ಜಾತಿ ಗೀತಿ ಅಂದ್ರೆ ಕಾರು ತಂದು ನಿಮ್ಮನೆ ಮುಂದೆ ಸ್ಟಾರ್ಟ್ ಮಾಡ್ತೀನಿ. ಅವರು ಏನಂದ್ರೂ ನನಗೆ ಕೇಳ್ಸಲ್ಲ." ಅಷ್ಟು ಸಂತೋಷವಾಗಿ ಅವರನ್ನು ನಾನು ಮತ್ತೆ ನೋಡಲಿಲ್ಲ.

ಉಪ್ಪಿನ ಬಯಲಿನಲ್ಲಿ ಮಳೆಗಾಲಕ್ಕೆ ನೀರು ನಿಂತಿರುತ್ತದೆ. ನೀರು ಇಂಗಿ ಉಪ್ಪು ಗಟ್ಟಿಯಾಗಿರುವ ಕೆಲವೇ ವಾರಗಳಿಗೆ ನಮಗೆ ಅನುಮತಿ ಸಿಕ್ಕಿತ್ತು. ಸಾರ್‌ಗೆ ಹಿಂದಿನ ವರ್ಷ ಹೃದಯದ ಆಪರೇಷನ್ ಆಗಿತ್ತು. ಡಾಕ್ಟರು ಪ್ರಯಾಣ ಬೇಡ ಎಂದಿದ್ದರು. ಮುಂದಿನ ಚಳಿಗಾಲದ ಮಾತನ್ನು ಅವರು ಆಡುತ್ತಲೇ ಇರಲಿಲ್ಲ. ಈ ಚಳಿಗಾಲ ಬಿಟ್ಟರೆ ಅವರಿಗೆ ಇನ್ನೊಂದಿಲ್ಲ ಎಂದು ನಮಗೆಲ್ಲ ಗೊತ್ತಿತ್ತು.

ಹೊರಡುವುದಕ್ಕೆ ಮುಂಚಿನ ಕೊನೆಯ ಓಟದಲ್ಲಿ ವಿನುತ ಇಳಿದು ಬಂದು, "ಬೆನ್ನಿಗೆ ಏನೋ ಜುಮ್ ಅಂತಿತ್ತು, ಮುಂಚೆ ಇರ್ಲಿಲ್ಲ" ಎಂದಳು. ಮೀಟರಿನಲ್ಲೂ ಕಂಪನ ಸ್ವಲ್ಪ ಏರಿತ್ತು. ಮರುದಿನ ಅವಳು ಬೆಂಕಿ ತಡೆಯುವ ಸೂಟು ತರಲು ಬೆಂಗಳೂರಿಗೆ ಹೋದಳು. "ಬಿಚ್ಚಿ ನೋಡಿ, ಸಂಜೆ ಬರ್ತೀನಿ" ಎಂದು ಹೇಳಿ ಹೋದಳು.

ಇಂಜಿನ್ನನ್ನು ಕಾರಿನಿಂದ ಇಳಿಸಿ ಬಿಚ್ಚಿದೆವು. ಕಣ್ಣಿಗೆ ಡಿಸ್ಕಿನಲ್ಲಿ ಏನೂ ಕಾಣಲಿಲ್ಲ. ಕಾಣದ ಬಿರುಕನ್ನು ಹುಡುಕಲು ಲೋಹವನ್ನು ತೊಳೆದು ಒಣಗಿಸಿ, ಕೆಂಪು ಬಣ್ಣದ ತೆಳು ದ್ರವ ಬಳಿಯುತ್ತಾರೆ. ಬಿರುಕಿದ್ದರೆ ಅದು ಒಳಗಿಳಿದು ಕೂರುತ್ತದೆ. ಮೇಲಿನದನ್ನು ಒರೆಸಿ ಬಿಳಿ ಪುಡಿ ಸಿಂಪಡಿಸಿದರೆ, ಒಳಗಿನ ಕೆಂಪು ಮೆಲ್ಲಗೆ ಮೇಲೆ ಬರುತ್ತದೆ. ಪುಡಿ ಸಿಂಪಡಿಸಿ ಕಾದು ಕೂತೆ. ಒಂದು ಬೋಲ್ಟ್ ತೂತಿನ ಅಂಚಿನಿಂದ ಕೂದಲೆಳೆಯಂಥ ಕೆಂಪು ಗೆರೆಯೊಂದು ಎದ್ದಿತು. ಕಿರುಬೆರಳ ಉಗುರಿನಷ್ಟೂ ಉದ್ದವಿಲ್ಲ. ತೊಳೆದು ಮತ್ತೆ ಮೊದಲಿಂದ ಮಾಡಿದೆ. ಮತ್ತೆ ಅಲ್ಲೇ ಬಂತು.

ಸಾರ್ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. "ನೀನೇನಂತೀಯಾ?"

"ಒಂದು ಓಟಕ್ಕೆ ತಡೀಬಹುದು ಸಾರ್. ತಡೀದೆನೂ ಇರ್ಬಹುದು."

"ಯಾವುದು ಜಾಸ್ತಿ?"

"ಹೇಳೋಕಾಗಲ್ಲ. ಉಪ್ಪಿನ ಮೇಲೆ ಚಕ್ರ ಒಂದ್ಸಲ ಜಾರಿದ್ರೆ ಸಾಕು, ಭಾರ ತಪ್ಪಿ ಡಿಸ್ಕ್ ಮಿತಿ ಮೀರಿ ತಿರುಗುತ್ತೆ. ಆಗ..."

"ಹೂಂ" ಎಂದರು. ಜಯಮ್ಮ ಊಟಕ್ಕೆ ಕೂಗಿದರು. ಸಾರ್ ಹೋಗಿ, ದಿನದಂತೆ ಊಟ ಮಾಡಿ, ಹಳೆಯ ಅಂಗಿ ಹಾಕಿಕೊಂಡು ಬಂದರು. ಡಿಸ್ಕನ್ನು ವೈಸಿನ ಉಕ್ಕಿನ ದವಡೆಗೆ ಬಿಗಿದು ಕಟಿಂಗ್ ಮಿಷನ್ ಕೈಗೆತ್ತಿಕೊಂಡಾಗ ನನಗೆ ಅವರು ಏನು ಮಾಡಹೊರಟಿದ್ದಾರೆಂದು ಅರ್ಥವಾಯಿತು.

"ಸಾರ್, ವಿನು ಬರ್ಲಿ."

"ಅವಳು ಬಂದ್ರೆ ಓಡಿಸ್ತೀನಿ ಅಂತಾಳೆ."

"ಓಡ್ಸೋದು ಬೇಡ ಅನ್ನೋಣ. ಇಂಥದ್ದು ಇನ್ನೊಂದು ಸಿಗಲ್ಲ, ಕಡಿಯೋದ್ಯಾಕೆ? ಎತ್ತಿಡೋಣ."

"ಇಟ್ಕೊಂಡ್ರೆ ನನಗೇ ಮನಸ್ಸು ತಿರುಗುತ್ತೆ ಕಣಯ್ಯ. ಇವತ್ತು ಬೇಡ ಅಂತೀನಿ. ನಾಳಿದ್ದು ಲಾರಿ ಬಂದು ನಿಂತಾಗ, ಹೋಗ್ಲಿ ಬಿಡು, ಸ್ವಲ್ಪ ನಿಧಾನವಾಗಿ ಓಡ್ಸಮ್ಮ ಅಂತೀನಿ. ಆಸೆ ನಂದು ಎಷ್ಟು ಕೆಟ್ಟದ್ದು ಅಂತ ನಂಗೊತ್ತು."

ಬೆಂಕಿಯಲ್ಲೇ ಬದುಕಲೆಂದು ಮಾಡಿದ ಲೋಹ ಅದು. ಸುಲಭಕ್ಕೆ ಜಗ್ಗಲಿಲ್ಲ. ಮಿಷನ್ನಿಗೆ ಹಾಕುವ ಕತ್ತರಿಸುವ ಕಲ್ಲಿನ ಬಿಲ್ಲೆಗಳು ಒಂದಾದ ಮೇಲೊಂದು ಸವೆದವು. ಸಾರ್ ಬೆವರಿದ್ದರು, ಉಸಿರು ಕಟ್ಟುತ್ತಿತ್ತು. ನಾನು ಕೈ ಚಾಚಿದರೆ ಕೊಡಲಿಲ್ಲ. ಕಿಡಿಗಳು ಶೆಡ್ಡಿನ ಆ ತುದಿಯವರೆಗೂ ಹಾರುತ್ತಿದ್ದವು. ಒಂದು ಕಡೆ ಪೂರ್ತಿ ಸೀಳಿ, ಎದುರು ಬದಿ ಅರ್ಧ ಆಗುವಷ್ಟರಲ್ಲಿ ಇದ್ದಕ್ಕಿದ್ದಂತೆ ಮಿಷನ್ ನಿಂತಿತು. ವಿನುತ ಗೋಡೆಯ ಸ್ವಿಚ್ ಆರಿಸಿದ್ದಳು. ಹೊಸ ಸೂಟಿನ ಚೀಲ ಇನ್ನೂ ಹೆಗಲ ಮೇಲಿತ್ತು.

"ಏನಿದು?" ಅವಳು ಕೇಳಿದ್ದು ಅಪ್ಪನನ್ನಲ್ಲ, ನನ್ನನ್ನು.

"ಬಿರುಕು ಬಿಟ್ಟಿತ್ತು ವಿನು."

"ಎಷ್ಟು?"

ಬೆರಳಲ್ಲಿ ತೋರಿಸಿದೆ.

"ಅಷ್ಟಕ್ಕೆ?"

"ಅಷ್ಟು ಸಾಕು ಮಗಳೇ" ಎಂದರು ಸಾರ್.

"ನನ್ನ ಕೇಳ್ಬೇಕಿತ್ತಲ್ಲಪ್ಪಾ. ಕೂತ್ಕೊಳ್ಳೋಳು ನಾನು. ಬೇಡ ಅನ್ನೋದಾದ್ರೂ ನಾನು ಅನ್ಬೇಕಿತ್ತು."

"ನೀನು ಅಂತಿರ್ಲಿಲ್ಲ."

"ಅಂತಿದ್ನೋ ಇಲ್ವೋ, ಈಗ ಹೆಂಗೆ ಗೊತ್ತಾಗುತ್ತೆ?"

ಸಾರ್ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. "ನಾನೇ ಕೂತ್ಕೊಳ್ಳೋದಾಗಿದ್ರೆ ಓಡಿಸ್ಬಿಡ್ತಿದ್ದೆ" ಎಂದರು.

ವಿನುತ ನನ್ನ ಕಡೆ ತಿರುಗಿದಳು. "ಒಂದು ಫೋನ್ ಮಾಡೋಕೆ ಏನಾಗಿತ್ತು ನಿಂಗೆ?"

ಮಾಡಿದ್ದರೆ ಅವಳು ಏನೆನ್ನುತ್ತಿದ್ದಳೆಂದು ನನಗೂ ಗೊತ್ತಿತ್ತು. ಅವಳು ಬದುಕಿರಬೇಕು ಎನ್ನುವುದು ಬಿಟ್ಟರೆ ಆ ಮಧ್ಯಾಹ್ನ ನನ್ನ ತಲೆಯಲ್ಲಿ ಬೇರೆ ಏನೂ ಇರಲಿಲ್ಲ. ಇವತ್ತು ಅದೇ ಗೆರೆ ಕಂಡರೆ ಇವತ್ತೂ ಹಾಗೆಯೇ ಮಾಡುತ್ತೇನೆ. ಅವಳು ಚೀಲವನ್ನು ಕಾರಿನ ಮೂತಿಯ ಮೇಲಿಟ್ಟು ಹೊರಟುಹೋದಳು. ಸ್ವಲ್ಪ ಹೊತ್ತಾದ ಮೇಲೆ ಸಾರ್ ಎದ್ದು ಸ್ವಿಚ್ ಹಾಕಿ, ಉಳಿದರ್ಧವನ್ನೂ ಕಡಿದು ಮುಗಿಸಿದರು.

ವಿನುತ ಅನುಗೊಂಡನಹಳ್ಳಿಯ ಸೋದರಮಾವನ ಮನೆ ಸೇರಿದಳು. ಅಮ್ಮನ ಹತ್ತಿರ ಮಾತ್ರ ಫೋನಿನಲ್ಲಿ ಮಾತಾಡುತ್ತಿದ್ದಳು. ನಾನು ಎಷ್ಟೋ ಸಲ ಫೋನ್ ಮಾಡಿದೆ. ಎತ್ತಿದ್ದು ಒಮ್ಮೆ. "ಚಂದ್ರು, ನಿನ್ನ ಮೇಲೆ ಕೋಪ ಇಲ್ಲ ಕಣೋ. ನಿನ್ನ ನೆನೆಸ್ಕೊಂಡ್ರೆ ಆ ಕಿಡಿ ಕಾಣುತ್ತೆ. ನೀವಿಬ್ರೂ ಸೇರ್ಕೊಂಡು ನನ್ನ ಹೊರಗಿಟ್ರಿ. ನಾಳೆ ಮದ್ವೆ ಆದ್ಮೇಲೂ ಹಂಗೇ ಮಾಡ್ತೀಯಾ, ನನ್ನ ಒಳ್ಳೇದಕ್ಕೆ ಅಂತ. ಬಿಟ್ಬಿಡು."

ಸಾರ್ ದಿನಾ ಶೆಡ್ಡಿಗೆ ಬರುತ್ತಿದ್ದರು. ಇಂಜಿನ್ ಇಲ್ಲದ ಕಾರನ್ನು ಒರೆಸುತ್ತಿದ್ದರು. ನಾನು ಹೋದಾಗೆಲ್ಲ ಮೊದಲ ಮಾತು, "ವಿನು ಏನಾದ್ರೂ ಫೋನ್ ಮಾಡಿದ್ಲಾ?" ಇಲ್ಲ ಎಂದರೆ, "ಮಾಡ್ತಾಳೆ, ಮಾಡ್ತಾಳೆ" ಎಂದು ನನಗೇ ಸಮಾಧಾನ ಹೇಳುತ್ತಿದ್ದರು. ಮಾವಿನ ಹಣ್ಣು ಬಂದಾಗ ಒಂದು ಬುಟ್ಟಿ ಆರಿಸಿ, ಅನುಗೊಂಡನಹಳ್ಳಿಗೆ ಕೊಟ್ಟು ಬಾ ಎಂದು ನನ್ನ ಕೈಗೆ ಕೊಟ್ಟರು. ಆ ಮನೆಯ ಬಾಗಿಲಲ್ಲಿ ಅವಳ ಅತ್ತೆ ಬುಟ್ಟಿ ತೆಗೆದುಕೊಂಡರು. ವಿನುತ ಹೊರಗೆ ಬರಲಿಲ್ಲ. ಸಾರ್‌ಗೆ, "ಕೊಟ್ಟೆ, ತಗೊಂಡ್ಲು" ಎಂದು ಸುಳ್ಳು ಹೇಳಿದೆ. ಅವರ ಮುಖ ಅರಳಿತು. "ತಿಂದ್ಲಂತಾ?" ಎಂದರು.

ಆ ವಾರವೇ ಒಂದು ಬೆಳಗ್ಗೆ ಜಯಮ್ಮ ಕಾಫಿ ತೆಗೆದುಕೊಂಡು ಶೆಡ್ಡಿಗೆ ಹೋದಾಗ ಸಾರ್ ಕುರ್ಚಿಯಲ್ಲಿ ಕೂತಂತೆಯೇ ಇದ್ದರು. ಜೀವ ಹೋಗಿತ್ತು. ವಿನುತ ಬಂದಾಗ ಅಂಗಳದಲ್ಲಿ ಮಲಗಿಸಿದ್ದರು. ಅವಳು ಜೋರಾಗಿ ಅಳಲಿಲ್ಲ. ಅವರ ಅಂಗೈ ಬಿಡಿಸಿ, ಉಗುರಿನ ಸಂದಿಯಲ್ಲಿ ಉಳಿದಿದ್ದ ಕಪ್ಪು ಗ್ರೀಸನ್ನು ತನ್ನ ಸೆರಗಿನ ತುದಿಯಿಂದ ಒರೆಸುತ್ತಾ ಕೂತಳು. ಎತ್ತುವವರು ಬಂದು ಸಾಕಮ್ಮ ಎನ್ನುವವರೆಗೂ ಒರೆಸುತ್ತಲೇ ಇದ್ದಳು.

ತಿಥಿಯ ಮಧ್ಯಾಹ್ನ ಚಪ್ಪರದಡಿ ಜನ ಊಟಕ್ಕೆ ಕೂತಿದ್ದರು. ನಾನು ಶೆಡ್ಡಿನಲ್ಲಿದ್ದೆ. ಅವಳು ಬಂದಳು. ಕಾರಿನ ಮೂತಿಯ ಮೇಲೆ ಕೈಯಿಟ್ಟು ನಿಂತಳು. ನಾವಿಬ್ಬರೂ ಜೊತೆಗಿದ್ದ ಕೊನೆಯ ಮಧ್ಯಾಹ್ನ ಅದು. ಆಮೇಲೆ ಅವಳು ಅಮ್ಮನನ್ನು ಕರೆದುಕೊಂಡು ಹೊಸಕೋಟೆಯಲ್ಲಿ ಮನೆ ಮಾಡಿದಳೆಂದೂ, ರ‍್ಯಾಲಿಗಳಿಗೆ ಮತ್ತೆ ಹೋಗಲಿಲ್ಲವೆಂದೂ ಬೇರೆಯವರಿಂದ ಕೇಳಿದ್ದೇನೆ.

"ಒಂದು ಕೇಳ್ತೀನಿ" ಎಂದಳು. "ಒಡೀತಿತ್ತಾ ಅದು? ಹೌದು ಅನ್ನು ಚಂದ್ರು. ಹೌದು ಅಂದ್ಬಿಡು, ನಂಬ್ತೀನಿ."

ಹೌದು ಎಂದಿದ್ದರೆ ಅವಳಿಗೆ ಎಷ್ಟು ಹಗುರವಾಗುತ್ತಿತ್ತೋ. ಮಾವಿನ ಹಣ್ಣಿನ ಸುಳ್ಳು ಹೇಳಿದ ಬಾಯಿಗೆ ಇದನ್ನು ಹೇಳಲಾಗಲಿಲ್ಲ.

"ಗೊತ್ತಿಲ್ಲ ವಿನು."

"ಅಪ್ಪಂಗೆ?"

"ಅವರಿಗೂ ಗೊತ್ತಿರ್ಲಿಲ್ಲ."

"ಗೊತ್ತಿಲ್ದೇನೆ ಕಡಿದಾಕ್ಬಿಟ್ರಾ?"

"ಹೂಂ."

ಅವಳು ತಲೆಯಾಡಿಸಿದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಸ್ವಲ್ಪ ಹೊರಗೆ ತಳ್ಳೋಣ್ವಾ?" ಎಂದಳು.

ಬಾಗಿಲು ಪೂರ್ತಿ ಸರಿಸಿದೆ. ಅವಳು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಳಗಿಳಿದು ಕಾಲು ಚಾಚಿ ಕೂತಳು. ಬೆಲ್ಟುಗಳನ್ನು ಒಂದೊಂದಾಗಿ ಎಳೆದು ಬಿಗಿದುಕೊಂಡಳು. ಇಂಜಿನ್ ಇಲ್ಲದ ಕಾರು ನಾನೊಬ್ಬನೇ ತಳ್ಳುವಷ್ಟು ಹಗುರವಾಗಿತ್ತು. ಶೆಡ್ಡಿನಿಂದ ಕೆಳಗೆ ದ್ರಾಕ್ಷಿ ಚಪ್ಪರದವರೆಗೆ ಮಣ್ಣು ದಾರಿ ಸ್ವಲ್ಪ ಇಳಿಜಾರು. ಹೊಸ್ತಿಲು ದಾಟಿಸಿ ಕೈ ಬಿಟ್ಟೆ. ಕಾರು ತಾನಾಗಿಯೇ ಉರುಳಿತು. ಸದ್ದೇ ಇಲ್ಲ, ಟೈರಿನಡಿ ಸಣ್ಣ ಕಲ್ಲು ಸರಿಯುವುದು ಮಾತ್ರ ಕೇಳುತ್ತಿತ್ತು. ಅವಳು ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು, ಕಣ್ಣು ನೆಟ್ಟಗೆ ಮುಂದಿಟ್ಟು ಓಡಿಸುತ್ತಿದ್ದಳು. ನಾನು ಪಕ್ಕದಲ್ಲೇ ನಡೆದುಕೊಂಡು ಹೋದೆ. ಜೊತೆಗಿರಲು ಓಡಬೇಕಾಗಿ ಬರಲಿಲ್ಲ.